ಶೂ ಬಿಚ್ಚಿಟ್ಟ ಕೋಚ್: ಪಾಯಿಂಟ್ ಗಾರ್ಡ್ ಒಬ್ಬರು ತರಬೇತುದಾರರಾದ ಪ್ರಕರಣ

ಈ ಪ್ರಕರಣದ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಇಲ್ಲಿ ಬರೀ 'ಕೋಚ್' ಎಂದು ಕರೆಯುತ್ತೇವೆ. ಅವರ ಊರು, ಕ್ಲಬ್ಬು, ನೌಕರಿ ಕೊಟ್ಟ ಸಂಸ್ಥೆ, ಅವರು ಕಲಿಸಿದ ಹುಡುಗಿಯರ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದೆ. ವರ್ಷಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ, ಯಾವುದಾದ ಮೇಲೆ ಯಾವುದು ಆಯಿತು ಎನ್ನುವುದರಲ್ಲೇ ಇದರ ತಿರುಳಿರುವುದರಿಂದ.

ಹಿನ್ನೆಲೆ

ಎತ್ತರ 5 ಅಡಿ 9 ಅಂಗುಲ, ಜಾಗ ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದೆ ಸಾಗಿಸಿ ಆಟ ನಡೆಸುವವರು. ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಆಟ ಶುರು, ಆಮೇಲೆ ಕ್ರೀಡಾ ಹಾಸ್ಟೆಲ್, ರಾಜ್ಯ ತಂಡ, 21ನೇ ವಯಸ್ಸಿಗೆ ಕ್ರೀಡಾ ಕೋಟಾದಲ್ಲಿ ನೌಕರಿ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲನ್ನೇ ನಂಬಿ ಬದುಕುವುದೆಂದರೆ ಬಹುಪಾಲು ಇದೇ: ಸಂಬಳ ಇಲಾಖೆಯದು, ಆಟ ಇಲಾಖೆಯ ತಂಡಕ್ಕೆ. 2015ರಿಂದ 2017ರವರೆಗೆ ನಡೆದ ಯುಬಿಎ ಪ್ರೊ ಲೀಗ್ ಬಂದಾಗ ಈ ತಲೆಮಾರಿನ ಕೆಲವರಿಗೆ ಒಪ್ಪಂದದ ದುಡ್ಡಿಗೆ ಆಡುವ ಅವಕಾಶ ಸಿಕ್ಕಿತು. ಕೋಚ್ ಅದರಲ್ಲೂ ಆಡಿದರು. ಆ ಹೊತ್ತಿಗೆ ಎಡ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆದಿತ್ತು. ಪಂದ್ಯ ಮುಗಿದ ಮರುದಿನ ಮೆಟ್ಟಿಲಿಳಿಯಲು ಕಷ್ಟ. 2017ರಲ್ಲಿ, 34ನೇ ವಯಸ್ಸಿನಲ್ಲಿ, ಆಟ ನಿಲ್ಲಿಸಿದರು.

ಇಲಾಖೆಯ ಆಟಗಾರನಿಗೆ ಆಟ ನಿಂತರೂ ಸಂಬಳ ನಿಲ್ಲುವುದಿಲ್ಲ. ಬದಲಾಗುವುದು ದಿನಚರಿ. ಅಲ್ಲಿಯವರೆಗೆ ಬೆಳಿಗ್ಗೆ ಸಹಿ ಹಾಕಿ ಮಧ್ಯಾಹ್ನ ಅಭ್ಯಾಸಕ್ಕೆ ಹೊರಡುತ್ತಿದ್ದವರು ಸಂಜೆಯವರೆಗೆ ಕೌಂಟರಿನಲ್ಲಿ ಕೂರಬೇಕು. ಹದಿಮೂರು ವರ್ಷ ಜೊತೆಗಿದ್ದ ಸಹೋದ್ಯೋಗಿಗಳಿಗೆ ಕೆಲಸ ಗೊತ್ತು, ಇವರಿಗೆ ಗೊತ್ತಿಲ್ಲ. ಈ ಇರಿಸುಮುರಿಸಿನಿಂದ ಪಾರಾಗಲು ಅನೇಕರು ಕೋಚಿಂಗ್ ಹಿಡಿಯುತ್ತಾರೆ. ಅದು ತಪ್ಪಲ್ಲ. ಆದರೆ ಕಲಿಸಬೇಕೆಂಬ ಆಸೆ ಮತ್ತು ಕೋರ್ಟ್ ಬಿಡಲಾರದ ನೋವು ಹೊರಗಿನವರ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹೆಚ್ಚಿನ ಸಲ ಸ್ವತಃ ಆ ಮನುಷ್ಯನಿಗೂ ಬೇರ್ಪಡಿಸಿ ನೋಡಲು ಆಗುವುದಿಲ್ಲ.

ಕೋಚ್ ಮುಂದೆ ಎರಡು ದಾರಿಗಳಿದ್ದವು. ಒಂದು, ಇಲಾಖೆಯ ಪುರುಷರ ತಂಡಕ್ಕೆ ಸಹಾಯಕ ಕೋಚ್. ಇನ್ನೊಂದು, ತಮ್ಮೂರಿನ ಕ್ಲಬ್ಬಿನಲ್ಲಿ 13-14 ವರ್ಷದ ಹುಡುಗಿಯರ ತಂಡ. ಮೊದಲನೆಯದರಲ್ಲಿ ಹೆಸರಿತ್ತು, ಊರೂರು ತಿರುಗಾಟವೂ ಇತ್ತು. ಮನೆಯ ಕಾರಣಕ್ಕೆ ಎರಡನೆಯದನ್ನು ಒಪ್ಪಿದರು. ರಾಷ್ಟ್ರೀಯ ಮಟ್ಟದಲ್ಲಿ ಆಡಿದವರಿಗೆ ಎಂಟನೇ ಕ್ಲಾಸಿನ ಮಕ್ಕಳಿಗೆ ಕಲಿಸುವುದೇನು ಮಹಾ ಎಂಬ ಭಾವನೆ ಕ್ಲಬ್ಬಿನಲ್ಲೂ ಇತ್ತು, ಅವರಲ್ಲೂ ಇತ್ತು.

ಸಮಸ್ಯೆ

2018ರ ಜೂನ್. 14 ಹುಡುಗಿಯರು, ಹೆಚ್ಚಿನವರು ಕನ್ನಡ ಮಾಧ್ಯಮ, ಐವರು ಖೋ-ಖೋ ಆಡಿ ಬಂದವರು. ಸಿಮೆಂಟಿನ ಒಂದು ಹೊರಾಂಗಣ ಕೋರ್ಟ್, ಎರಡು ಮುಖ್ಯ ರಿಂಗು, ಪಕ್ಕದಲ್ಲಿ ಎರಡು ಹಳೆಯ ರಿಂಗು. ವಾರಕ್ಕೆ ಐದು ದಿನ, ಬೆಳಿಗ್ಗೆ 6ರಿಂದ 7.30. ಚೆಂಡುಗಳು ಕ್ಲಬ್ಬಿನ ಗಂಡಸರು ಆಡಿ ಬಿಟ್ಟ 7ನೇ ಸೈಜಿನವು.

ಅಭ್ಯಾಸ ಹೀಗಿತ್ತು: ಕೋರ್ಟ್ ಸುತ್ತ 15 ನಿಮಿಷ ಓಟ, 20 ನಿಮಿಷ ಎರಡು ಸಾಲಿನಲ್ಲಿ ಲೇ-ಅಪ್ (ಓಡಿಬಂದು ರಿಂಗಿನ ಹತ್ತಿರದಿಂದ ಹಾಕುವ ಎಸೆತ), 25 ನಿಮಿಷ ಸೆಟ್ ಪ್ಲೇ (ಯಾರು ಎಲ್ಲಿಗೆ ಓಡಬೇಕೆಂದು ಮೊದಲೇ ಗೊತ್ತುಮಾಡಿದ ಆಟ), 20 ನಿಮಿಷ ಐದೈದು ಜನರ ಆಟ, ಕೊನೆಗೆ 10 ನಿಮಿಷ ಗೆರೆಯಿಂದ ಗೆರೆಗೆ ಓಟ. ತಾವು ಹಾಸ್ಟೆಲಿನಲ್ಲಿ ಕಂಡ ಅಭ್ಯಾಸವನ್ನೇ ಅವರು ನಡೆಸುತ್ತಿದ್ದರು. ಐದೈದರ ಆಟದಲ್ಲಿ ಸೋಲುವ ಕಡೆಗೆ ತಾವೇ ಸೇರಿಕೊಳ್ಳುತ್ತಿದ್ದರು. ಮಂಡಿ ನೋವಿದ್ದರೂ ಕೈ ಇನ್ನೂ ಚುರುಕು. ಹುಡುಗಿಯರು ಬೆರಗಾಗಿ ನೋಡುತ್ತಿದ್ದರು.

ಇಲಾಖೆ ತಂಡದ ಒಂಬತ್ತು ಸೆಟ್ ಪ್ಲೇಗಳನ್ನು ಮೊದಲ ಎರಡು ತಿಂಗಳಲ್ಲೇ ಕಲಿಸಿದರು. ಹುಡುಗಿಯರು ಬಾಯಿಪಾಠ ಮಾಡಿದರು. ಪಂದ್ಯದಲ್ಲಿ ಒಂದೂ ನಡೆಯಲಿಲ್ಲ, ಯಾಕೆಂದರೆ ಸೆಟ್ ಪ್ಲೇ ಶುರುವಾಗಬೇಕಾದರೆ ಚೆಂಡು ಮೊದಲು ಅರ್ಧಗೆರೆ ದಾಟಬೇಕು. ಈ ವಯೋಮಾನದ ಪಂದ್ಯಗಳಲ್ಲಿ ಎದುರಾಳಿಗಳು ಕೋರ್ಟ್ ಪೂರ್ತಿ ಪ್ರೆಸ್ ಹಾಕುತ್ತಾರೆ, ಅಂದರೆ ಚೆಂಡು ಒಳಬಂದ ಕಡೆಯಿಂದಲೇ ಮೈಮೇಲೆ ಬಂದು ಅಡ್ಡಗಟ್ಟುತ್ತಾರೆ. ಗೆರೆ ದಾಟಲು ಇರುವುದು 8 ಸೆಕೆಂಡು. ಬಾಲ್ ಹಿಡಿದ ಹುಡುಗಿ ತಲೆ ತಗ್ಗಿಸಿ ಸೈಡ್‌ಲೈನಿನ ಪಕ್ಕ ಡ್ರಿಬಲ್ ಮಾಡುತ್ತಾಳೆ, ಇಬ್ಬರು ಬಂದು ಮೂಲೆಗೆ ಒತ್ತುತ್ತಾರೆ, ಅವಳು ಗಾಬರಿಯಲ್ಲಿ ಮೇಲಕ್ಕೆ ಎಸೆಯುತ್ತಾಳೆ. ಡಿಸೆಂಬರಿನ ಒಂದು ಪಂದ್ಯದಲ್ಲಿ ತಂಡ 38 ಸಲ ಚೆಂಡು ಕಳೆದುಕೊಂಡಿತು. ಅದರಲ್ಲಿ 23 ತಮ್ಮರ್ಧದಲ್ಲೇ.

ಅದೇ ಪಂದ್ಯದಲ್ಲಿ ತಂಡದ ಸೆಂಟರ್ ಹುಡುಗಿ (ರಿಂಗಿನ ಬಳಿ ಆಡುವ ಎತ್ತರದವಳು) ರೀಬೌಂಡಿಗೆ, ಅಂದರೆ ರಿಂಗಿಗೆ ಬಡಿದು ಮರಳುವ ಚೆಂಡಿಗೆ, ಹಾರಿ ಒಂದೇ ಕಾಲಿನ ಮೇಲೆ ಇಳಿದಳು. ಯಾರೂ ತಾಗಿರಲಿಲ್ಲ. ಮಂಡಿ ಒಳಕ್ಕೆ ಕುಸಿಯಿತು: ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು, ಹರಿದಿತ್ತು. 2019ರ ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆ. ಮೇ ತಿಂಗಳ ಹೊತ್ತಿಗೆ 14ರಲ್ಲಿ 9 ಹುಡುಗಿಯರು ಉಳಿದಿದ್ದರು. ಬಿಟ್ಟವರಲ್ಲಿ ಮೂವರು ಖೋ-ಖೋಗೆ ಮರಳಿದರು. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ದಿಕ್ಕು ಬದಲಿಸುತ್ತಿದ್ದವರು ಅವರೇ.

ಮೊದಲು ಮಾಡಿದ ಮೂರು ಪ್ರಯತ್ನಗಳು

ಹುಡುಗಿಯರಲ್ಲಿ ದಮ್ಮಿಲ್ಲ ಎಂಬುದು ಕೋಚ್‌ರ ಮೊದಲ ತೀರ್ಮಾನ. ಚೆಂಡು ಕಳೆದುಕೊಂಡರೆ ಓಟದ ಶಿಕ್ಷೆ ಬಂತು. ಎರಡೇ ವಾರದಲ್ಲಿ ಫಲ ಕಂಡಿತು, ತಿರುಗುಬಾಣವಾಗಿ: ತಪ್ಪಿದರೆ ಓಡಬೇಕೆಂದು ಹೆದರಿ ಹುಡುಗಿಯರು ಪಾಸ್ ಕೇಳುವುದನ್ನೇ ನಿಲ್ಲಿಸಿದರು. ಕೈ ಚಾಚಿ "ಬಾಲ್, ಬಾಲ್" ಎನ್ನುವವರಿಲ್ಲದ ತಂಡ ಪ್ರೆಸ್ಸಿನಿಂದ ಹೊರಬರಲಾರದು.

ಎರಡನೆಯದು ಇನ್ನಷ್ಟು ಹೇಳುವುದು. ಪಂದ್ಯದುದ್ದಕ್ಕೂ ಸೈಡ್‌ಲೈನಿನಿಂದ ಪ್ರತಿ ಪಾಸನ್ನೂ ಕೂಗುತ್ತಿದ್ದರು. ಅವರಿಗೆ ಕಂಡದ್ದು ಸರಿಯೇ ಇರುತ್ತಿತ್ತು. ಆದರೆ ಕಂಡು, ಕೂಗಿ, ಅದು ಹುಡುಗಿಯ ಕಿವಿಗೆ ಬಿದ್ದು ಕೈಗೆ ಇಳಿಯುವಷ್ಟರಲ್ಲಿ ಆ ಸಂದು ಮುಚ್ಚಿರುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ಹುಡುಗಿಯರು ಎದುರಾಳಿಯನ್ನು ಬಿಟ್ಟು ಬೆಂಚಿನತ್ತ ನೋಡಲು ಕಲಿತರು.

ಮೂರನೆಯದು ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಇದು ವ್ಯರ್ಥವಾಗಲಿಲ್ಲ. ದಿನದ ಯೋಜನೆ ಬರೆಯುವುದು, ವಾರದ ಹೊರೆ ಏರಿಸಿ ಇಳಿಸುವುದು, ಮಕ್ಕಳ ಬೆಳವಣಿಗೆಯ ಹಂತ ಗಮನಿಸುವುದು ಅಲ್ಲೇ ಬಂತು. ಆದರೆ ಕೋರ್ಸ್ ಮುಗಿಸಿ ಬಂದವರು ಅದೇ ಅಭ್ಯಾಸವನ್ನು ಇನ್ನೂ ಅಚ್ಚುಕಟ್ಟಾಗಿ ನಡೆಸಿದರು. ತೊಂದರೆ ತಮ್ಮಲ್ಲಿದೆ ಎಂದು ಯಾವ ಕೋರ್ಸೂ ಹೇಳುವುದಿಲ್ಲ. ಹೇಳಿದರೂ ಹೆಸರು ಮಾಡಿದ ಆಟಗಾರನಿಗೆ ಅದು ಕೇಳಿಸುವುದು ಕಷ್ಟ.

ಪಿ.ಟಿ. ಮೇಷ್ಟ್ರ ಕಾಗದ

ಕ್ಲಬ್ಬಿಗೆ ದಿನಾ ಬರುತ್ತಿದ್ದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು 2019ರ ಜೂನ್‌ನಲ್ಲಿ, ಹೊಸ ಹುಡುಗಿಯರು ಸೇರಿ ತಂಡ ಮತ್ತೆ 14 ಆದಾಗ, ಒಂದು ಕೆಲಸ ಮಾಡಿದರು. ಹಾಜರಿ ಪುಸ್ತಕದ ಹಾಳೆಯಲ್ಲಿ ಹೆಸರು ಬರೆದು, ಐದೈದರ ಆಟದಲ್ಲಿ ಯಾರ ಕೈಗೆ ಚೆಂಡು ಎಷ್ಟು ಸಲ ಬಂತೆಂದು ಗೀಟು ಹಾಕಿದರು. ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚು: ತಂಡ ಸುಮ್ಮನೆ ನಿಂತ ಸಮಯಕ್ಕೆ.

90 ನಿಮಿಷದಲ್ಲಿ 41 ನಿಮಿಷ ಹುಡುಗಿಯರು ನಿಂತು ಕೇಳುತ್ತಿದ್ದರು, ಇಲ್ಲವೇ ಸಾಲಿನಲ್ಲಿ ಕಾಯುತ್ತಿದ್ದರು. ಆಟದಲ್ಲಿ ಅತಿ ಹೆಚ್ಚು ಗೀಟು ಬಿದ್ದದ್ದು ಕೋಚ್ ಹೆಸರಿನ ಮುಂದೆ. ಮೇಷ್ಟ್ರು ಹಾಳೆ ಕೊಟ್ಟು ಹೇಳಿದ್ದು ಇಷ್ಟೇ: "ಏನಪ್ಪಾ, ನೀನೇ ಎಲ್ಲಾ ಆಡಿಬಿಟ್ರೆ ಈ ಮಕ್ಳು ಯಾವಾಗ ಆಡೋದು?"

ಲೇ-ಅಪ್ ಸಾಲಿನ ಲೆಕ್ಕವನ್ನೂ ಇಬ್ಬರೂ ಕೂತು ಹಾಕಿದರು. ಒಂದೇ ರಿಂಗು, ಆರು ಸೆಕೆಂಡಿಗೊಂದು ಲೇ-ಅಪ್ ಎಂದರೆ 20 ನಿಮಿಷದಲ್ಲಿ 200. ಹದಿನಾಲ್ಕು ಜನಕ್ಕೆ ಹಂಚಿದರೆ ತಲಾ 14. ಅದೇ ನಾಲ್ಕೂ ರಿಂಗು ಬಳಸಿ, ರಿಂಗಿಗೆ ಮೂರು-ನಾಲ್ಕು ಜನ, ಎರಡು ಚೆಂಡು ಇಟ್ಟು ನಾಲ್ಕು ಸೆಕೆಂಡಿಗೊಂದು ಎಸೆತ ಬಿದ್ದರೆ 10 ನಿಮಿಷದಲ್ಲಿ ತಲಾ 40ರ ಮೇಲೆ. ಅರ್ಧ ಹೊತ್ತಿನಲ್ಲಿ ಮೂರು ಪಟ್ಟು. ಇದಕ್ಕೆ ಹೊಸ ಕೋರ್ಟ್ ಬೇಕಿರಲಿಲ್ಲ, ಪಕ್ಕದ ರಿಂಗುಗಳಿಗೆ ಹೊಸ ಬಲೆ ಮತ್ತು ಎಂಟು ಚೆಂಡು ಸಾಕಿತ್ತು. ಚೆಂಡು ಕೊಳ್ಳುವಾಗ 6ನೇ ಸೈಜು ತಂದರು. ಅದು 7ನೆಯದಕ್ಕಿಂತ ಸುಮಾರು 70 ಗ್ರಾಂ ಹಗುರ, ಸುತ್ತಳತೆಯಲ್ಲಿ 3-4 ಸೆಂಟಿಮೀಟರ್ ಕಿರಿದು. ವರ್ಷವಿಡೀ "ಮೊಣಕೈ ಒಳಗೆ ತಗೋ" ಎಂದು ಕೂಗಿದರೂ ಆಗದಿದ್ದದ್ದು ಚೆಂಡು ಬದಲಾದ ಮೇಲೆ ಅರ್ಧದಷ್ಟು ತಾನಾಗಿ ಸರಿಹೋಯಿತು. ಭಾರದ ಚೆಂಡನ್ನು ರಿಂಗಿಗೆ ಮುಟ್ಟಿಸಲು ಹುಡುಗಿಯರು ಅದನ್ನು ಸೊಂಟದಿಂದ ತಳ್ಳುತ್ತಿದ್ದರು, ಮೊಣಕೈ ಹೊರಗೆ ಹೋಗುತ್ತಿದ್ದುದು ಅದಕ್ಕೇ.

ಕಷ್ಟದ ಪ್ರಶ್ನೆ ಬೇರೆ ಇತ್ತು. ಪ್ರೆಸ್ಸಿನಿಂದ ಪಾರಾಗುವುದನ್ನು ಇವರೇಕೆ ಕಲಿಸಲಿಲ್ಲ? ತಮ್ಮ ಕಾಲದಲ್ಲಿ ಪ್ರೆಸ್ ಬಂದರೆ ಇವರೊಬ್ಬರೇ ಡ್ರಿಬಲ್ ಮಾಡಿ ದಾಟುತ್ತಿದ್ದರು. ಇಬ್ಬರು ಮುತ್ತುವ ಮೊದಲೇ ಇವರ ಮೈಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು ಎಂದರೆ ಉತ್ತರವಿಲ್ಲ, "ಕಾಣತ್ತೆ" ಎನ್ನುತ್ತಿದ್ದರು. ಕಷ್ಟಪಟ್ಟು ಕಲಿತದ್ದಕ್ಕೆ ಮಾತು ಇರುತ್ತದೆ. ಇವರ ಎಡಗೈ ಲೇ-ಅಪ್ ಚಿಕ್ಕಂದಿನಲ್ಲಿ ಕೆಟ್ಟದಾಗಿತ್ತು, ಅದನ್ನು ಮಾತ್ರ ಇವರು ಮೊದಲಿನಿಂದಲೂ ತುಂಬ ಚೆನ್ನಾಗಿ ಕಲಿಸುತ್ತಿದ್ದರು. ಆಟಗಾರರಾಗಿದ್ದು ಕೋಚ್ ಆಗುವವರು ತಮಗೆ ಯಾವುದು ಅತಿ ಸಲೀಸಾಗಿತ್ತೋ ಅದರ ಪಟ್ಟಿಯನ್ನು ಮೊದಲು ಬರೆದುಕೊಳ್ಳಬೇಕು. ಶಿಷ್ಯರು ಸೋಲುವುದು ಆ ಪಟ್ಟಿಯಲ್ಲೇ.

ಕಂಠೀರವದ ಗ್ಯಾಲರಿ

2019ರ ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಮಹಿಳಾ ಏಷ್ಯಾ ಕಪ್ ನಡೆಯಿತು. 2017ರಲ್ಲೂ ಅಲ್ಲೇ ನಡೆದಿತ್ತು. ಎರಡೂ ಸಲ ಗೆದ್ದದ್ದು ಜಪಾನ್: 2017ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 74-73, 2019ರಲ್ಲಿ ಚೀನಾ ಎದುರು 71-68. ಕೋಚ್ ರಜೆ ಹಾಕಿ ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ದರು.

ಜಪಾನ್ ತಂಡದ ಆಗಿನ ಕೋಚ್ ಟಾಮ್ ಹೊವಾಸ್ ಅಮೆರಿಕದವರು, ತಾವೂ ವೃತ್ತಿಪರ ಆಟಗಾರರಾಗಿದ್ದವರು. ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ಅಟ್ಲಾಂಟಾ ಪರ ಆಡಿದ್ದು ಎರಡೇ ಪಂದ್ಯ, ಹೆಚ್ಚಿನ ಆಟ ಜಪಾನಿನ ಲೀಗಿನಲ್ಲಿ. ಅವರು ಟೈಮ್‌ಔಟಿನಲ್ಲಿ ತಮ್ಮ ಆಟಗಾರ್ತಿಯರ ಜೊತೆ ಮಾತಾಡುತ್ತಿದ್ದುದು ಜಪಾನಿ ಭಾಷೆಯಲ್ಲಿ, ದುಭಾಷಿ ಇಲ್ಲದೆ. ಚೀನಾದ ಎತ್ತರದ ಎದುರು ಗಿಡ್ಡ ತಂಡ ಐವರನ್ನೂ 6.75 ಮೀಟರಿನ ಮೂರು ಅಂಕದ ಗೆರೆಯ ಸುತ್ತ ಹರಡಿ, ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳದೆ ಸಾಗಿಸುತ್ತಿತ್ತು.

ಗ್ಯಾಲರಿಯಲ್ಲಿ ಕೋಚ್‌ಗೆ ಹೊಳೆದದ್ದು ತಮ್ಮ ಭಾಷೆಯ ವಿಷಯ. ಇಲಾಖೆಯ ಶಿಬಿರಗಳಲ್ಲಿ ಕಲಿತ ಇಂಗ್ಲಿಷ್-ಹಿಂದಿ ಮಿಶ್ರ ಮಾತನ್ನೇ ಅವರು ಕೋರ್ಟಿನಲ್ಲಿ ಆಡುತ್ತಿದ್ದರು. 'ವೀಕ್ ಸೈಡ್ ಹೆಲ್ಪ್', 'ಕ್ಲೋಸ್‌ಔಟ್', 'ಪೀಛೆ ಪೀಛೆ'. ಹುಡುಗಿಯರು ತಲೆಯಾಡಿಸುತ್ತಿದ್ದರು. ಊರಿಗೆ ಬಂದ ಮೇಲೆ ಒಂದು ಸಂಜೆ ಅವರನ್ನೇ ಕೂರಿಸಿಕೊಂಡು ಒಂದೊಂದು ಪದಕ್ಕೂ ಅರ್ಥ ಕೇಳಿದರು. 'ಕ್ಲೋಸ್‌ಔಟ್' ಎಂದರೆ ಚೆಂಡು ಎಸೆಯಲಿರುವವಳತ್ತ ಓಡಿಹೋಗಿ ಅಡ್ಡ ನಿಲ್ಲುವುದು; ಅಭ್ಯಾಸ ಮುಗಿಯಿತು ಎಂದು ಇಬ್ಬರು ತಿಳಿದಿದ್ದರು.

ಪಾಸ್, ಡ್ರಿಬಲ್, ರೀಬೌಂಡ್ ಹಾಗೇ ಉಳಿದವು, ಅವು ಹುಡುಗಿಯರ ಮಾತೇ ಆಗಿದ್ದವು. ಉಳಿದದ್ದಕ್ಕೆ ಅವರೇ ಪದ ಕಟ್ಟಿದರು. ರಕ್ಷಣೆಯಲ್ಲಿ ಸೊಂಟ ತಗ್ಗಿಸಿ ನಿಲ್ಲುವುದಕ್ಕೆ 'ಖೋ ಕೂತ್ಕೋ': ಖೋ-ಖೋದಲ್ಲಿ ಎದ್ದೋಡಲು ತಯಾರಾಗಿ ಕೂತ ಭಂಗಿ ಅವರ ಮೈಗೆ ಗೊತ್ತಿತ್ತು. ಹಾರಿ ಇಳಿಯುವುದಕ್ಕೆ 'ಸದ್ದಾಗ್ದಂಗೆ'. ಪ್ರೆಸ್ಸಿಗೆ 'ಹಿಡಿ, ತಿರುಗು, ನೋಡು'. ಈ ಮೂರು ಪದ ಮುಗಿಯುವ ಮೊದಲು ಚೆಂಡು ನೆಲಕ್ಕೆ ಬಡಿಯುವ ಹಾಗಿಲ್ಲ.

ಹೊಸ ಅಭ್ಯಾಸ

ಮೊದಲ 15 ನಿಮಿಷ ವಾರ್ಮ್‌ಅಪ್. ಫುಟ್‌ಬಾಲಿಗಾಗಿ ರೂಪಿಸಿದ 'ಫಿಫಾ 11+' ಕ್ರಮವನ್ನು ಬ್ಯಾಸ್ಕೆಟ್‌ಬಾಲಿಗೆ ಹೊಂದಿಸಿಕೊಂಡದ್ದು: ಸ್ಕ್ವಾಟ್, ಲಂಜ್, ಪ್ಲ್ಯಾಂಕ್, ಒಂಟಿಕಾಲಿನ ಸಮತೋಲ, ತೊಡೆಯ ಹಿಂಭಾಗಕ್ಕೆ ಮಂಡಿಯೂರಿ ಮುಂದಕ್ಕೆ ಬಾಗುವ ನಾರ್ಡಿಕ್ (ಶುರುವಿಗೆ 3ರಿಂದ 5 ಸಲ, ಅದಕ್ಕಿಂತ ಹೆಚ್ಚಿಸಿದರೆ ಮರುದಿನ ನಡೆಯಲಾಗುವುದಿಲ್ಲ), ಹಾರಿ ಇಳಿಯುವುದು, ಓಡುತ್ತಾ ದಿಕ್ಕು ಬದಲಿಸುವುದು. ಇಳಿಯುವಾಗ ಎದುರಿನ ಜೊತೆಗಾತಿ ಮಂಡಿ ನೋಡಬೇಕು. ಒಳಕ್ಕೆ ಬಂದರೆ ಹೇಳಬೇಕು. ಬೆಳೆಯುವ ಹುಡುಗಿಯರಲ್ಲಿ ಎಸಿಎಲ್ ಗಾಯ ಹುಡುಗರಿಗಿಂತ ಹೆಚ್ಚು, ಬಹುಪಾಲು ಯಾರೂ ತಾಗದೆಯೇ ಆಗುವಂಥದ್ದು. ಇಂಥ ವಾರ್ಮ್‌ಅಪ್ ವಾರಕ್ಕೆ ಎರಡು-ಮೂರು ಸಲ ತಪ್ಪದೆ ನಡೆದರೆ ಆ ಅಪಾಯ ಗಣನೀಯವಾಗಿ ಇಳಿಯುತ್ತದೆ. ತಪ್ಪದೆ ಎಂಬುದೇ ಮುಖ್ಯ. ಪಂದ್ಯದ ವಾರ ಹೊತ್ತಿಲ್ಲವೆಂದು ಬಿಡುವವರೇ ಹೆಚ್ಚು.

ಆಮೇಲೆ ನಾಲ್ಕು ರಿಂಗಿನಲ್ಲಿ 10 ನಿಮಿಷ ಶೂಟಿಂಗ್, ದಿನಕ್ಕೆ ಒಂದೇ ಸೂಚನೆ. 20 ನಿಮಿಷ ಎರಡೂ ಅರ್ಧಗಳಲ್ಲಿ ಮೂವರೆದುರು ಮೂವರ ಆಟ. ಐದೈದರಲ್ಲಿ ಬಾಲ್ ಹತ್ತು ಜನರ ನಡುವೆ ಅಲೆಯುತ್ತದೆ, ಇಲ್ಲಿ ಆರು ಜನ, ಅಡಗಿಕೊಳ್ಳಲು ಜಾಗವಿಲ್ಲ. ನಂತರ 20 ನಿಮಿಷ ಪ್ರೆಸ್.

ಪ್ರೆಸ್ಸಿನ ಅಭ್ಯಾಸವನ್ನು ವಿವರವಾಗಿ ಹೇಳಬೇಕು, ತಂಡ ಬದಲಾದದ್ದು ಅಲ್ಲೇ. ನಾಲ್ವರೆದುರು ನಾಲ್ವರು. ಬೇಸ್‌ಲೈನಿನಿಂದ ಚೆಂಡು ಒಳಗೆ ಬರುತ್ತದೆ, ಅರ್ಧಗೆರೆಯವರೆಗೆ ಡ್ರಿಬಲ್ ಇಲ್ಲ, ಪಾಸ್ ಮಾತ್ರ. ಹೊರಗಿದ್ದವರು 8 ಜೋರಾಗಿ ಎಣಿಸುತ್ತಾರೆ. ಚೆಂಡು ಒಳಗೆ ಕೊಟ್ಟವಳು ಕೂಡಲೇ ಒಳಬಂದು ಚೆಂಡಿನ ಹಿಂದೆ, ನೇರ ಸಾಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಬೇಕು. ದಿಕ್ಕು ತೋಚದಾಗ ಹಿಂದಕ್ಕೆ ಕೊಡಲು ಅವಳೇ ಗತಿ. ಒಬ್ಬಳು ಕೋರ್ಟಿನ ನಡುವಿಗೆ ಓಡಿಬರಬೇಕು, ಅವಳ ಕೈಗೆ ಚೆಂಡು ಬಂದರೆ ಪ್ರೆಸ್ ಮುರಿದ ಹಾಗೆ. ಇಬ್ಬರು ಮುತ್ತಿದಾಗ ಎಲ್ಲೋ ಒಬ್ಬಳು ಖಾಲಿ ಇದ್ದೇ ಇರುತ್ತಾಳೆ ಎಂಬುದನ್ನು ಬಾಯಲ್ಲಿ ಹೇಳದೆ, ಮುತ್ತಿದ ಕ್ಷಣ ಎಲ್ಲರನ್ನೂ ಅಲ್ಲಲ್ಲೇ ನಿಲ್ಲಿಸಿ "ಯಾರು ಖಾಲಿ ಇದಾರೆ, ತೋರ್ಸು" ಎಂದು ಚೆಂಡು ಹಿಡಿದವಳನ್ನೇ ಕೇಳುತ್ತಿದ್ದರು. ಮೂರು ವಾರದ ಮೇಲೆ ಒಂದು ಡ್ರಿಬಲ್‌ಗೆ ಅನುಮತಿ, ಆರು ವಾರಕ್ಕೆ ಪೂರ್ತಿ. ಡ್ರಿಬಲ್ ಮರಳಿ ಕೊಟ್ಟ ವಾರ ತಪ್ಪು ಮತ್ತೆ ಏರುತ್ತದೆ. ಅದಕ್ಕೆ ಬೆದರಿ ಹಿಂತೆಗೆದುಕೊಳ್ಳಬಾರದು, ವಾರದೊಳಗೆ ಇಳಿಯುತ್ತದೆ.

ಕೊನೆಯ 20 ನಿಮಿಷ ಐದೈದರ ಆಟ. ಒಂಬತ್ತು ಸೆಟ್ ಪ್ಲೇ ಹೋಗಿ ಎರಡಾದವು. ಆಟದ ನಡುವೆ ಸೀಟಿ ಊದಿ ನಿಲ್ಲಿಸುವುದು ಮೂರೇ ಸಲ, ಪ್ರತಿ ಸಲ 30 ಸೆಕೆಂಡಿನೊಳಗೆ. ಒಬ್ಬಳ ತಪ್ಪಾದರೆ ಅವಳನ್ನು ಪಕ್ಕಕ್ಕೆ ಕರೆದು ಹೇಳುವುದು, ಉಳಿದವರ ಆಟ ನಡೆಯುತ್ತಿರುತ್ತದೆ.

ತಾವು ಆಟಕ್ಕೆ ಇಳಿಯುವುದನ್ನು ತಪ್ಪಿಸಲು ಕೋಚ್ ಹೂಡಿದ ಉಪಾಯ ತೀರಾ ಸರಳ. ಅಭ್ಯಾಸಕ್ಕೆ ಚಪ್ಪಲಿ ಹಾಕಿಕೊಂಡು ಬರತೊಡಗಿದರು. ಆಡಬಾರದೆಂಬ ನಿರ್ಧಾರವನ್ನು ಅವರು ಅದಕ್ಕೂ ಮೊದಲು ಮೂರು ಸಲ ಮಾಡಿ ಮುರಿದಿದ್ದರು.

ಅಳತೆ ಟೇಪು

ಸೆಂಟರ್ ಹುಡುಗಿಯ ವಿಷಯಕ್ಕೆ ಬರೋಣ. 2019ರ ಆಗಸ್ಟ್, ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು. ನೋವಿಲ್ಲ, ಓಡುತ್ತಾಳೆ. ಜಿಲ್ಲಾ ತಂಡದ ಆಯ್ಕೆ ಬಂತು. ಮುಂದೆ ಸಿಇಟಿಯ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟು ಬೇಕಾಗುತ್ತದೆಂದು ತಂದೆ ಆಡಿಸಲೇಬೇಕೆಂದರು. ಕ್ಲಬ್ಬಿನವರಿಗೂ ಎತ್ತರದ ಹುಡುಗಿ ಬೇಕಿತ್ತು. ಕೋಚ್ ತಾವೇ ಚುಚ್ಚುಮದ್ದು ತೆಗೆದುಕೊಂಡು ಮಂಡಿ ನೋವಿನಲ್ಲಿ ಆಡಿ ಬೆಳೆದವರು. ಅವರ ಮೊದಲ ಮನಸ್ಸೂ ಆಡಿಸುವುದೇ ಆಗಿತ್ತು.

ಫಿಸಿಯೋಥೆರಪಿಸ್ಟ್ ಒಂದು ಪರೀಕ್ಷೆ ಹೇಳಿದರು. ಒಂಟಿಕಾಲಿನಲ್ಲಿ ಮುಂದಕ್ಕೆ ಹಾರಿ ಅದೇ ಕಾಲಿನ ಮೇಲೆ ಅಲುಗದೆ ನಿಲ್ಲಬೇಕು. ಮೂರು ಸಲ, ಅತಿ ದೂರದ್ದನ್ನು ಬರೆದುಕೊಳ್ಳುವುದು. ಗಾಯದ ಕಾಲಿನ ದೂರ ಇನ್ನೊಂದರ ಶೇ. 90 ಆದರೂ ಇರಬೇಕು. ಕೋಚ್ ಅದನ್ನು ಕೋರ್ಟಿನಲ್ಲೇ ಮಾಡಿಸಿದರು, ಟೇಪಿನ ತುದಿ ಹಿಡಿಯಲು ತಂದೆಯನ್ನೇ ಕರೆದರು. ಒಳ್ಳೆಯ ಕಾಲು 168 ಸೆಂಟಿಮೀಟರ್. ಗಾಯದ ಕಾಲು 132. ಶೇ. 79. ತಂದೆ ಟೇಪು ಸುತ್ತಿ ಕೊಟ್ಟು, "ಆಯ್ತು ಸರ್, ನೀವು ಹೇಳ್ದಾಗ ಆಡ್ಸಿ" ಎಂದರು.

ಇಲ್ಲಿ ಒಂದು ಎಚ್ಚರಿಕೆ. ಹಾರುವ ದೂರ ಒಂದನ್ನೇ ನಂಬಬಾರದು. ತಿಂಗಳುಗಟ್ಟಲೆ ಆಟವಿಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತದೆ, ಹೋಲಿಕೆ ಸುಳ್ಳು ಹೇಳಬಹುದು. ತೊಡೆಯ ಮುಂಭಾಗದ ಶಕ್ತಿಯನ್ನೂ ಫಿಸಿಯೋ ಅಳೆಯಬೇಕು. ಒಂಬತ್ತು ತಿಂಗಳು ತುಂಬುವ ಮೊದಲು ಮರಳಿದವರಲ್ಲಿ ಮತ್ತೆ ಹರಿಯುವ ಸಾಧ್ಯತೆ ಎದ್ದು ಕಾಣುವಷ್ಟು ಹೆಚ್ಚು. ಈ ಹುಡುಗಿ ಮರಳಿದ್ದು 2020ರ ಜನವರಿಯಲ್ಲಿ, ಹನ್ನೊಂದನೇ ತಿಂಗಳಿಗೆ. 171ಕ್ಕೆ 161, ಶೇ. 94. ಶಕ್ತಿ ಪರೀಕ್ಷೆಯೂ ಸರಿಯಾಗಿತ್ತು.

ಏನಾಯಿತು

ಮೊದಲು ಸೋತರು, ಹಿಂದಿಗಿಂತ ಕೆಟ್ಟದಾಗಿ. 2019ರ ನವೆಂಬರಿನ ಟೂರ್ನಿಯಲ್ಲಿ ಎರಡೂ ಪಂದ್ಯಗಳಲ್ಲಿ 20ಕ್ಕಿಂತ ಹೆಚ್ಚು ಅಂತರದ ಸೋಲು. ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ ಕೋಚನ್ನು ಕಂಡು ಪೋಷಕರು "ಸುಮ್ನೆ ಕೂತಿರ್ತಾರೆ, ಏನೂ ಹೇಳ್ಕೊಡಲ್ಲ" ಎಂದು ದೂರಿದರು. ಕೋಚ್ ಹಳೆಯ ದಾರಿಗೆ ಮರಳುವುದರಲ್ಲಿದ್ದರು. ತಡೆದದ್ದು ಮೇಷ್ಟ್ರ ಹಾಳೆ: ತಮ್ಮರ್ಧದಲ್ಲಿ ಕಳೆದುಕೊಂಡ ಚೆಂಡು 23ರಿಂದ 15ಕ್ಕೆ ಇಳಿದಿತ್ತು. ಸೋಲಿಗೆ ಕಾರಣ ರಿಂಗಿನ ಕೆಳಗೆ ಎತ್ತರ ಇಲ್ಲದ್ದು. ಅದು ಬೇರೆ ಸಮಸ್ಯೆ. ಅಂಕಪಟ್ಟಿ ಎಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಕಲಸಿ ತೋರಿಸುತ್ತದೆ. ಕಲಿಸಿದ್ದು ಹತ್ತುತ್ತಿದೆಯೋ ಇಲ್ಲವೋ ತಿಳಿಯಲು ಕಲಿಸಿದ್ದನ್ನೇ ಎಣಿಸಬೇಕು.

ಮೌನವೂ ಅತಿಯಾಯಿತು. ಹಾರಿ ಗಾಳಿಯಲ್ಲಿರುವಾಗ ಪಾಸ್ ಮಾಡುವ ಚಟ ಇಬ್ಬರಿಗೆ ಅಂಟಿತು. ಆಟವೇ ಕಲಿಸಲಿ ಎಂದು ಕೋಚ್ ಎರಡು ತಿಂಗಳು ಬಿಟ್ಟರು, ಅದು ಬೇರೂರಿತು. ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಮಾಡಿಕೊಂಡ ನಿಯಮ: ಅದೇ ತಪ್ಪು ಮೂರು ಸಲ ಕಂಡರೆ ನಿಲ್ಲಿಸು. ಗಾಯವಾಗುವ ತಪ್ಪಾದರೆ ಮೊದಲ ಸಲವೇ ನಿಲ್ಲಿಸು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕೋರ್ಟ್ ಮುಚ್ಚಿತು. ವಾಟ್ಸ್ಯಾಪಿನಲ್ಲಿ ವಾರ್ಮ್‌ಅಪ್ ಮಾತ್ರ ಮುಂದುವರಿಯಿತು. ಮೂವರು ಆಟ ಬಿಟ್ಟರು, ಒಬ್ಬಳಿಗೆ ಮದುವೆಯಾಯಿತು. ಆ ಅವಧಿಯ ಬಗ್ಗೆ ಕಲಿಯಲು ಹೆಚ್ಚೇನಿಲ್ಲ.

2022ರಲ್ಲಿ 18ರೊಳಗಿನವರ ರಾಜ್ಯಮಟ್ಟದ ಟೂರ್ನಿ. ಪಂದ್ಯದ ಪಟ್ಟಿಗೆ 12 ಜನ ಮಾತ್ರ, ತಂಡದಲ್ಲಿ ಆಗ 14. ಬಿಡುವ ಇಬ್ಬರಿಗೆ ಕೋಚ್ ಪಟ್ಟಿ ಹಾಕುವ ಹಿಂದಿನ ದಿನ, ಒಬ್ಬೊಬ್ಬರನ್ನೇ ಕರೆದು, ಕಾರಣ ಮತ್ತು ಮುಂದೆ ಮಾಡಬೇಕಾದ ಒಂದು ಕೆಲಸ ಹೇಳಿದರು. ಹಿಂದೆ ಹೀಗೆ ಮಾಡದೆ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾಗ ಬಿಟ್ಟವರು ಮತ್ತೆ ಬಂದಿರಲಿಲ್ಲ. ಈ ಇಬ್ಬರೂ ಬಂದರು.

ಕ್ವಾರ್ಟರ್ ಫೈನಲ್, ನಾಲ್ಕನೇ ಕ್ವಾರ್ಟರ್, ಎರಡು ನಿಮಿಷ ಬಾಕಿ, ಎರಡು ಅಂಕ ಮುಂದೆ, ಎದುರಾಳಿ ಪೂರ್ತಿ ಪ್ರೆಸ್ ಹಾಕಿತು. ಕೋಚ್ ಟೈಮ್‌ಔಟ್ ತೆಗೆದುಕೊಂಡರು. ದ್ವಿತೀಯಾರ್ಧಕ್ಕೆ ಸಿಗುವುದು ಮೂರು, ಕೊನೆಯ ಎರಡು ನಿಮಿಷದಲ್ಲಿ ಹೆಚ್ಚೆಂದರೆ ಎರಡು. ಹಾಗಾಗಿ ಒಂದನ್ನು ಅದಕ್ಕೆ ಮೊದಲೇ ಬಳಸಿಕೊಳ್ಳದಿದ್ದರೆ ಕಳೆದುಕೊಂಡಂತೆ, ಅದನ್ನು ಅವರು ಬಳಸಿದ್ದರು. 60 ಸೆಕೆಂಡಿನ ಹಂಚಿಕೆ ಅಭ್ಯಾಸದಲ್ಲೇ ಆಗಿತ್ತು: ಮೊದಲ 20 ನೀರು ಮತ್ತು ಹುಡುಗಿಯರದೇ ಮಾತು, ನಂತರ 25 ಕೋಚ್ ಒಂದೇ ವಿಷಯ, ಉಳಿದದ್ದು ಉಸಿರಿಗೆ. ಕ್ಯಾಪ್ಟನ್ ಕೇಳಿದಳು, "ಸರ್, ಮಧ್ಯಕ್ಕೆ ಇವ್ಳನ್ನ ಕಳಿಸ್ಲಾ? ಇವ್ಳ ಮೇಲಿಂದ ಹಿಡಿಯಕ್ಕೆ ಅವ್ರಿಗಾಗಲ್ಲ." ಇವಳು ಎಂದರೆ ಮಂಡಿ ಶಸ್ತ್ರಚಿಕಿತ್ಸೆಯಾದ ಸೆಂಟರ್. ಪ್ರೆಸ್ ಒಡೆಯಲು ಗಾರ್ಡ್‌ಗಳೇ ಬೇಕೆಂದು ಕೋಚ್ ಅಲ್ಲಿಯವರೆಗೆ ತಿಳಿದಿದ್ದರು, ಎತ್ತರದವಳನ್ನು ನಡುವಿಗೆ ಕರೆಸುವುದು ಅವರಿಗೆ ತೋಚಿರಲಿಲ್ಲ. "ಕಳ್ಸಮ್ಮ" ಎಂದರು. ನಾಲ್ಕು ಸಲ ಚೆಂಡು ನಡುವಿಗೆ ಹೋಯಿತು, ನಾಲ್ಕು ಸಲವೂ ಗೆರೆ ದಾಟಿತು. ಐದು ಅಂಕಗಳಿಂದ ಗೆದ್ದರು. ತಮ್ಮರ್ಧದಲ್ಲಿ ಕಳೆದುಕೊಂಡ ಚೆಂಡು ಪಂದ್ಯ ಪೂರ್ತಿಗೆ 7.

ಸೆಮಿಫೈನಲ್‌ನಲ್ಲಿ ಬೆಂಗಳೂರಿನ ತಂಡದೆದುರು 11 ಅಂಕಗಳಿಂದ ಸೋತರು. ಎದುರಾಳಿಗಳು ಪ್ರೆಸ್ ಹಾಕಲೇ ಇಲ್ಲ, ಹಿಂದೆ ಸರಿದು ಜೋನ್ ಕಟ್ಟಿ (ಒಬ್ಬೊಬ್ಬರು ಆಳಿನ ಬದಲು ಒಂದೊಂದು ಜಾಗ ಕಾಯುತ್ತಾ) ಹೊರಗಿನಿಂದ ಎಸೆಯಲು ಬಿಟ್ಟರು. ಈ ತಂಡಕ್ಕೆ ಹೊರಗಿನ ಎಸೆತ ಇನ್ನೂ ಕೂಡಿಬಂದಿರಲಿಲ್ಲ. ದಿನಕ್ಕೆ 10 ನಿಮಿಷದ ಶೂಟಿಂಗ್ ಲೇ-ಅಪ್‌ಗೆ ಸಾಕಾಗಿತ್ತು, 6.75 ಮೀಟರಿಗೆ ಸಾಲಲಿಲ್ಲ. ಯೋಜನೆಯ ಈ ಕೊರತೆ ಆ ದಿನವೇ ಹಾಳೆಯಲ್ಲಿ ಸೇರಿತು: ವಾರದಲ್ಲಿ ಎರಡು ದಿನ ಪ್ರೆಸ್ಸಿನ 20 ನಿಮಿಷ ಕಡಿದು ದೂರದ ಶೂಟಿಂಗಿಗೆ ಕೊಟ್ಟರು, ಓಡಿಬಂದು ಹಿಡಿದು ಎಸೆಯುವ ರೀತಿಯಲ್ಲಿ, ನಿಂತಲ್ಲೇ ನಿಂತು ಎಸೆಯುವಂತಲ್ಲ.

ಈಗ

2023ರಲ್ಲಿ ಇಲಾಖೆಯವರು ಪುರುಷರ ತಂಡಕ್ಕೆ ಮತ್ತೆ ಕರೆದರು, ಈ ಸಲ ಮುಖ್ಯ ಕೋಚ್ ಆಗಿ. ಕೌಂಟರಿನ ಕೆಲಸದಿಂದ ಅರ್ಧ ದಿನದ ವಿನಾಯಿತಿ, ತಿರುಗಾಟಕ್ಕೆ ವಿಶೇಷ ರಜೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ಬಾಯಿಮಾತಿಗೆ ಒಪ್ಪಿದವರು ಸೀಸನ್ ನಡುವೆ ಅಧಿಕಾರಿ ಬದಲಾದಾಗ ಸಿಕ್ಕಿಬೀಳುವುದನ್ನು ಅವರು ಕಂಡಿದ್ದರು. ಬೆಳಗಿನ ಹುಡುಗಿಯರ ತಂಡ ಬಿಡಲಿಲ್ಲ. ಅಲ್ಲಿ ಈಗ ವಾರ್ಮ್‌ಅಪ್ ನಡೆಸುವುದು ಮಂಡಿ ಶಸ್ತ್ರಚಿಕಿತ್ಸೆಯಾದ ಅದೇ ಹುಡುಗಿ, ಕಾಲೇಜಿಗೆ ಹೋಗುವ ಮೊದಲು.

ಪುರುಷರ ತಂಡದ ಮೊದಲ ದಿನ ಹಳೆಯ ಪರಿಚಯದವರು "ಬನ್ನಿ ಸರ್, ಒಂದು ಕೈ ನೋಡೋಣ" ಎಂದು ಕರೆದರು. ಅಂದು ಒಳಾಂಗಣದ ಮರದ ನೆಲಕ್ಕೆ ಚಪ್ಪಲಿಗೆ ಪ್ರವೇಶವಿಲ್ಲವೆಂದು ಅವರು ಶೂ ಹಾಕಿ ಬಂದಿದ್ದರು. ಇಳಿದು ಆಡಿದರು. ಇಪ್ಪತ್ತು ನಿಮಿಷ ಆಡಿದರು. ಮರುದಿನದಿಂದ ಶೂ ಇಲ್ಲದೆ ಬರೀ ಸಾಕ್ಸ್ ಹಾಕಿ ಬರುತ್ತಾರೆ. ಕೈಯಲ್ಲಿ ಹೆಸರು ಬರೆದ ಹಾಳೆ, ಗೀಟು ಹಾಕಲು ಪೆನ್ಸಿಲು.